ಮಡಿಕೇರಿಯಲ್ಲಿ ಹಳೇ ಬಾಕ್ಸಿಂಗ್ ಪ್ರೆಸ್ ಫೋಟೋ: ಟೈಪ್ 1 ಕೊಳ್ಳಲಾ, ವೈರ್‌ಫೋಟೋ ಸಾಕಾ?

ಹಳೇ ಬಾಕ್ಸಿಂಗ್ ಫೋಟೋ ಕೊಳ್ಳೋದಾದರೆ ಟೈಪ್ 1 (ಮೂಲ ನೆಗೆಟಿವ್‌ನಿಂದಲೇ ಹಾಕಿದ ಪ್ರಿಂಟ್) ಬೇಕಾ, ವೈರ್‌ಫೋಟೋ (ಟೆಲಿಫೋನ್ ತಂತಿಯಲ್ಲಿ ಪತ್ರಿಕೆಗೆ ಬಂದ ಚಿತ್ರ) ಸಾಕಾ ಅಂತ ಕೇಳಿದ್ರಿ. ಎರಡರಲ್ಲಿ ಯಾವುದು ಅನ್ನೋದನ್ನ ಆಮೇಲೆ ನೋಡೋಣ. ಮೊದಲು ಹೇಳಿ, ತಂದು ಎಲ್ಲಿಡ್ತೀರಿ?

ನಾನು ಕೊಂಡಿದ್ದು ಜೋ ಲೂಯಿಸ್–ಮ್ಯಾಕ್ಸ್ ಶ್ಮೆಲಿಂಗ್ ಎರಡನೇ ಪಂದ್ಯದ ವೈರ್‌ಫೋಟೋ. 1938ರ ಜೂನ್ 22, ನ್ಯೂಯಾರ್ಕಿನ ಯಾಂಕೀ ಸ್ಟೇಡಿಯಂ. 124 ಸೆಕೆಂಡಿಗೆ ಎಲ್ಲಾ ಮುಗಿದಿತ್ತು. ಫೋಟೋದ ಅಂಚಲ್ಲಿ ಎಷ್ಟು ಕತ್ತರಿಸಬೇಕು ಅಂತ ಪತ್ರಿಕೆಯವರು ಎಳೆದ ಪೆನ್ಸಿಲ್ ಗೀಟು, ಹಿಂದೆ ತಾರೀಖಿನ ಮೊಹರು. ಇಷ್ಟು ಚೆಂದದ್ದನ್ನ ಕವರಲ್ಲಿ ಇಡೋದಾ ಅಂತ ವಿರಾಜಪೇಟೆಯಲ್ಲಿ ಫ್ರೇಮ್ ಹಾಕಿಸಿದೆ. ಕೆಟ್ಟಿದ್ದೇ ಅಲ್ಲಿ.

ಫ್ರೇಮಿನ ಗಾಜು ನೇರ ಫೋಟೋ ಮೇಲೆ ಕೂತಿತ್ತು. ಎರಡಕ್ಕೂ ಮಧ್ಯೆ ಅಂತರ ಕೊಡುವ ದಪ್ಪ ರಟ್ಟು, ಅಂದರೆ ಮೌಂಟ್ ಬೋರ್ಡ್, ಇರಲಿಲ್ಲ. ಹಾಕಿ ಅಂತ ನಾನು ಹೇಳಲೂ ಇಲ್ಲ. ಆ ಕಾಲದ ಫೋಟೋದ ಮೇಲ್ಪದರ ಜೆಲಟಿನ್, ಅಂದರೆ ಮೂಳೆ, ಚರ್ಮ ಬೇಯಿಸಿ ತೆಗೆದದ್ದು. ಗಾಳಿಯ ತೇವ ಕುಡಿದು ಉಬ್ಬುತ್ತದೆ, ಮೆತ್ತಗಾಗುತ್ತದೆ, ಮುಟ್ಟಿದ ಗಾಜಿಗೆ ಹಿಡಿದುಕೊಳ್ಳುತ್ತದೆ. ಬಿಸಿಲು ಬಂದಾಗ ಹಾಗೇ ಒಣಗಿ ಗಟ್ಟಿಯಾಗುತ್ತದೆ. ನಮ್ಮ ಮಳೆಗಾಲ ಗೊತ್ತಲ್ವಾ, ಬೀರುವಿನೊಳಗಿನ ಬೆಲ್ಟಿಗೇ ಬೂಷ್ಟು ಬರುತ್ತದೆ. ನಾನು ಫೋಟೋ ನೇತು ಹಾಕಿದ್ದಂತೂ ಮಳೆ ಬಡಿಯೋ ಗೋಡೆಗೆ! ಆಟಿ ತಿಂಗಳಲ್ಲಿ ಗಾಜಿನೊಳಗೆ ಒದ್ದೆ ಕಲೆ ಥರ ಹೊಳಪು ಕಾಣಿಸಿತು. ಬಿಚ್ಚಿ ಎಳೆದೆ. ಲೂಯಿಸನ ಬಲಗೈ ಗ್ಲೌಸ್ ಗಾಜಿನ ಮೇಲೆ ಉಳಿಯಿತು, ಕಾಗದದಲ್ಲಿ ಬಿಳಿ ತೂತು. ಎಳೆಯದೆ ಗಾಜಿನ ಸಮೇತ ಬಿಟ್ಟಿದ್ದರೆ ಸ್ಕ್ಯಾನ್ ಆದರೂ ಮಾಡಿಸಬಹುದಿತ್ತು.

ಹಾಗಾಗಿ ಗೋಡೆಗೆ ಸ್ಕ್ಯಾನ್ ಪ್ರಿಂಟ್ ಹಾಕಿ. ಅಸಲಿಯನ್ನ ಆಸಿಡ್ ಇಲ್ಲದ ಕಾಗದದ ಕವರಲ್ಲಿಟ್ಟು, ಗಾಳಿಯಾಡದ ಡಬ್ಬಿಗೆ ಸಿಲಿಕಾ ಜೆಲ್ ಜೊತೆ ಹಾಕಿ. ಬಣ್ಣ ಬದಲಾಗುವ ಜೆಲ್ ತಗೊಳ್ಳಿ, ತೇವ ಕುಡಿದದ್ದು ಗೊತ್ತಾಗುತ್ತದೆ. ಒಲೆ ಮೇಲಿನ ಅಟ್ಟ ಒಣಗಿರುತ್ತದೆ ಅಂತ ಮನೆಯಲ್ಲಿ ಹಿರಿಯರು ಹೇಳ್ತಾರೆ, ಕೇಳಬೇಡಿ. ಹೊಗೆ ಫೋಟೋದ ಬೆಳ್ಳಿಯನ್ನ ತಿನ್ನುತ್ತದೆ.

ಇನ್ನು ನಿಮ್ಮ ಪ್ರಶ್ನೆ. ಟೈಪ್ 1 ಅಂದರೆ ಮೂಲ ನೆಗೆಟಿವ್‌ನಿಂದ, ಫೋಟೋ ತೆಗೆದ ಸುಮಾರು 2 ವರ್ಷದೊಳಗೆ ಹಾಕಿದ ಪ್ರಿಂಟ್. ಸ್ಪಷ್ಟವಾಗಿರುತ್ತದೆ, ರೇಟೂ ಜಾಸ್ತಿ. ವೈರ್‌ಫೋಟೋ ಟೆಲಿಫೋನ್ ತಂತಿಯಲ್ಲಿ ಬಂದದ್ದು, ಎಪಿ ಅನ್ನೋ ಅಮೆರಿಕದ ಸುದ್ದಿಸಂಸ್ಥೆ ಇದನ್ನ ಶುರು ಮಾಡಿದ್ದು 1935ರಲ್ಲಿ. ಹತ್ತಿರದಿಂದ ನೋಡಿದರೆ ಸಣ್ಣ ಗೆರೆಗಳು ಕಾಣುತ್ತವೆ. ನನ್ನ ಕೇಳಿದರೆ ಆ ಗೆರೆಗಳಲ್ಲೇ ಮಜಾ ಇದೆ. ಮಾರೋದಕ್ಕೆ ಕೊಳ್ಳುವವರು ಟೈಪ್ 1 ಹಿಂದೆ ಹೋಗಲಿ, ನೀವು ಸುಮ್ನೆ ವೈರ್‌ಫೋಟೋದಿಂದ ಶುರು ಮಾಡಿ.

ಯಾವುದೇ ಆದರೂ ಒಂದು ಯುವಿ (ಅತಿನೇರಳೆ ಬೆಳಕಿನ) ಟಾರ್ಚ್ ಇಟ್ಟುಕೊಳ್ಳಿ. ಕಾಗದ ಬೆಳ್ಳಗೆ ಕಾಣುವ ಹಾಗೆ ಮಾಡುವ ರಾಸಾಯನಿಕ ಫೋಟೋ ಕಾಗದಕ್ಕೆ ಸೇರಿದ್ದು 1950ರ ದಶಕದಲ್ಲಿ. 1938ರದ್ದು ಅಂತ ಮಾರಿದ ಫೋಟೋ ಕತ್ತಲಲ್ಲಿ ಟಾರ್ಚ್ ಬಿಟ್ಟಾಗ ನೀಲಿಯಾಗಿ ಹೊಳೆದರೆ, ಅದು ಆಮೇಲಿನ ಪ್ರಿಂಟ್. ಟಾರ್ಚ್ ಹಾಕೋಕೆ ಫೋಟೋ ಕೈಗೆ ಬರಬೇಕಲ್ಲ, ಅದಕ್ಕೆ ಮುಂಚೆ ತಾರೀಖಿನ ಮೊಹರು ನೋಡೋಕೆ ಹಿಂಬದಿಯ ಚಿತ್ರ ಕೇಳಿ. ಕಳಿಸದ ಮಾರಾಟಗಾರನ ಹತ್ತಿರ ಚೌಕಾಸಿಯೂ ಬೇಡ.