ಸಂಪಾದಕರ ಉತ್ತರ: ಮೆಯೆರ್‌ಹೋಲ್ಡ್ ಗುರುದ್ರೋಹಿಯಲ್ಲ

ಮಾನ್ಯರೇ,

ಕಳೆದ ಸಂಚಿಕೆಯ ರಂಗಭೂಮಿ ಲೇಖನವನ್ನು ಓದಿ ತಾವು ಬರೆದ ಪತ್ರ ತಲುಪಿದೆ. ನಟನನ್ನು ಯಂತ್ರವಾಗಿಸಿದ, ರಷ್ಯದ ರಂಗಗುರು ಸ್ತಾನಿಸ್ಲಾವ್‌ಸ್ಕಿಯವರ ಬಳಿ ಬೆಳೆದು ಅವರಿಗೇ ತಿರುಗಿಬಿದ್ದ ನಿರ್ದೇಶಕ ವ್ಸೆವೊಲೊದ್ ಮೆಯೆರ್‌ಹೋಲ್ಡ್‌ರನ್ನು ಅಷ್ಟೊಂದು ಹೊಗಳಬೇಕಿತ್ತೇ ಎಂದು ಕೇಳಿದ್ದೀರಿ. ಈ ಎರಡೂ ಆಕ್ಷೇಪಗಳನ್ನು ನಾನು ಒಪ್ಪಲಾರೆ.

1874ರಲ್ಲಿ ರಷ್ಯದ ಪೆಂಜಾದಲ್ಲಿ ಹುಟ್ಟಿದ ಮೆಯೆರ್‌ಹೋಲ್ಡ್, 1898ರಲ್ಲಿ ಸ್ತಾನಿಸ್ಲಾವ್‌ಸ್ಕಿಯವರ ಮಾಸ್ಕೋ ಆರ್ಟ್ ಥಿಯೇಟರ್ ಆರಂಭವಾದಾಗಲೇ ನಟರಾಗಿ ಸೇರಿ, ಚೆಕಾಫರ ‘ಸೀಗಲ್’ ನಾಟಕದಲ್ಲಿ ಹೊಸ ರೂಪಗಳಿಗಾಗಿ ಹಂಬಲಿಸುವ ತರುಣ ಲೇಖಕ ತ್ರೆಪ್ಲೆವ್‌ನ ಪಾತ್ರ ವಹಿಸಿದರು. ಬದುಕನ್ನು ಇದ್ದಂತೆಯೇ ತೋರಿಸುವ ಆ ರಂಗಭೂಮಿ ಸಾಲದೆನಿಸಿ 1902ರಲ್ಲಿ ಹೊರನಡೆದದ್ದು ನಿಜ. ಆದರೆ 1905ರಲ್ಲಿ ಅವರನ್ನು ಮರಳಿ ಕರೆದು, ಹೊಸ ಪ್ರಯೋಗಗಳಿಗೆಂದೇ ಸ್ವಂತ ಹಣದಿಂದ ಸ್ಟುಡಿಯೋ ಕಟ್ಟಿಕೊಟ್ಟವರು ಸ್ತಾನಿಸ್ಲಾವ್‌ಸ್ಕಿಯವರೇ. ಆ ಸ್ಟುಡಿಯೋ ಸಾರ್ವಜನಿಕರಿಗೆ ತೆರೆಯದೆಯೇ ಮುಚ್ಚಿತು. ಅವರಿಬ್ಬರ ನಡುವಿನ ಗೌರವ ಮಾತ್ರ ಮುಗಿಯಲಿಲ್ಲ.

ಇನ್ನು ‘ಯಂತ್ರ’ದ ಮಾತು. ಅವರು ರೂಪಿಸಿದ ‘ಬಯೋಮೆಕ್ಯಾನಿಕ್ಸ್’ ಎಂಬ ನಟರ ಅಂಗಚಲನೆಯ ಅಭ್ಯಾಸದಲ್ಲಿ ಬಾಣ ಬಿಡುವ ನಟ ನೇರವಾಗಿ ಮುಂದೆ ಚಾಚುವುದಿಲ್ಲ. ಮೊದಲು ಮೈಯನ್ನು ಹಿಂದಕ್ಕೆಳೆದು, ಭಾರವನ್ನು ಹಿಂಗಾಲಿಗೆ ತಂದು, ಆಮೇಲೆ ಮುನ್ನುಗ್ಗುತ್ತಾನೆ. ಈ ಹಿಂಚಲನೆಗೆ ರಷ್ಯನ್ನಿನಲ್ಲಿ ‘ಅತ್ಕಾಜ್’, ಅಂದರೆ ನಿರಾಕರಣೆ, ಎನ್ನುತ್ತಾರೆ. ಮುಂದೇನೋ ನಡೆಯಲಿದೆ ಎಂದು ಪ್ರೇಕ್ಷಕ ಉಸಿರು ಹಿಡಿಯುವುದು ಆ ಒಂದು ಕ್ಷಣದಲ್ಲಿಯೇ. ಮೈ ಸರಿಯಾಗಿ ನಿಂತರೆ ಭಾವ ತಾನಾಗಿ ಬರುತ್ತದೆಂಬ ಈ ನಂಬಿಕೆಯನ್ನು ಭಾವಶೂನ್ಯತೆ ಎನ್ನುವುದು ಅನ್ಯಾಯ. ಗೊಗೊಲ್ ಬರೆದ ‘ಇನ್‌ಸ್ಪೆಕ್ಟರ್ ಜನರಲ್’ ನಾಟಕದ 1926ರ ಪ್ರಯೋಗದಲ್ಲಿ ಸಾಲು ಬಾಗಿಲುಗಳು ಒಮ್ಮೆಲೇ ತೆರೆದು, ಲಂಚದ ಹಣ ಹಿಡಿದ ಕೈಗಳು ಚಾಚಿಕೊಂಡವು. ಗೊಗೊಲ್‌ನ ಭಯವನ್ನು ಇದಕ್ಕಿಂತ ಸ್ಪಷ್ಟವಾಗಿ ಕಾಣಿಸುವುದು ಹೇಗೆಂದು ನನಗೆ ಹೊಳೆಯದು.

1938ರ ಜನವರಿಯಲ್ಲಿ ಸೋವಿಯತ್ ಸರ್ಕಾರ ಅವರ ರಂಗಮಂದಿರವನ್ನು ಮುಚ್ಚಿಸಿತು. ಎಲ್ಲರೂ ದೂರ ಸರಿಯುತ್ತಿದ್ದ ಆ ದಿನಗಳಲ್ಲಿ ಅವರನ್ನು ತಮ್ಮ ಆಪೆರಾ (ಸಂಗೀತ ನಾಟಕ) ಥಿಯೇಟರಿಗೆ ಕರೆದು ಕೆಲಸ ಕೊಟ್ಟವರು ಯಾರೆಂದು ಬಲ್ಲಿರಾ? ಅದೇ ಸ್ತಾನಿಸ್ಲಾವ್‌ಸ್ಕಿ. ಆ ವರ್ಷದ ಆಗಸ್ಟಿನಲ್ಲಿ ಅವರು ತೀರಿಕೊಂಡಾಗ, ಅರ್ಧಕ್ಕೆ ನಿಂತಿದ್ದ ‘ರಿಗೊಲೆಟ್ಟೊ’ ಆಪೆರಾವನ್ನು ಪೂರ್ತಿಗೊಳಿಸಿದವರು ಮೆಯೆರ್‌ಹೋಲ್ಡ್.

1939ರ ಜೂನ್‌ನಲ್ಲಿ ಅವರ ಬಂಧನವಾಯಿತು. ಕೆಲವೇ ವಾರಗಳಲ್ಲಿ ಪತ್ನಿ, ನಟಿ ಜಿನೈದಾ ರಾಯ್ಖ್ ಮನೆಯಲ್ಲಿಯೇ ಕೊಲೆಯಾದರು. ಅಂಗಾಲಿಗೂ ಬೆನ್ನಿಗೂ ರಬ್ಬರ್ ಪಟ್ಟಿಯಿಂದ ಹೊಡೆದುದನ್ನು 65ರ ಆ ವೃದ್ಧರು ಸೆರೆಯಿಂದ ಸೋವಿಯತ್ ಸರ್ಕಾರದ ಮುಖ್ಯಸ್ಥ ಮೊಲೊತೊವ್‌ಗೆ ಬರೆದರು. 1940ರ ಫೆಬ್ರವರಿ 2ರಂದು ಅವರನ್ನು ಗುಂಡಿಟ್ಟು ಕೊಂದರು. ನಿರ್ದೋಷಿಯೆಂದು ಸಾರಿದ್ದು 1955ರಲ್ಲಿ. ಅವರ ಹೆಸರೆತ್ತುವುದೇ ಅಪಾಯವಾಗಿದ್ದ ಆ ನಡುವಿನ ವರ್ಷಗಳಲ್ಲಿ, ರಾಯ್ಖ್ ಅವರ ಮಗಳು ಕಾಪಾಡಿದ ಕಾಗದಪತ್ರಗಳನ್ನು ಊರಾಚೆಯ ತಮ್ಮ ಮನೆಯಲ್ಲಿ ಬಚ್ಚಿಟ್ಟು ಉಳಿಸಿದವರು ಮೆಯೆರ್‌ಹೋಲ್ಡ್‌ರ ಶಿಷ್ಯ, ಚಲನಚಿತ್ರ ನಿರ್ದೇಶಕ ಸೆರ್ಗೇಯ್ ಐಸೆನ್‌ಸ್ಟೈನ್.

— ಸಂಪಾದಕ