ಬರೀ ಪಥ್ಯದಲ್ಲಿ ಗೌಟ್ ಇಳಿಯುತ್ತಾ? ಬೇಳೆ, ಟೊಮೆಟೊ ಬಿಟ್ಟಿದ್ದೇನೆ, ಮಾತ್ರೆಗೆ ಭಯ

ಬೇಳೆ ಬಿಟ್ಟಿದ್ದೀರಲ್ಲ, ಅದನ್ನು ಇವತ್ತು ರಾತ್ರಿ ಊಟದಿಂದಲೇ ವಾಪಸ್ ಶುರು ಮಾಡಿ. ಮಿಕ್ಕಿದ್ದನ್ನು ನಿಧಾನಕ್ಕೆ ಹೇಳುತ್ತೇನೆ.

ಗೌಟ್ ಅಂದರೆ ಯೂರಿಕ್ ಆಸಿಡ್ ಹರಳು ಕೀಲಿನಲ್ಲಿ ಕೂತು ಬರುವ ಊತ, ನೋವು. ನಿಮಗೆ ವರ್ಷದೊಳಗೆ ಎರಡು ಸಲ ಕಾಲಿನ ಹೆಬ್ಬೆರಳು ಊದಿದೆ, ರಕ್ತದಲ್ಲಿ ಯೂರಿಕ್ ಆಸಿಡ್ 8.7 ಬಂದಿದೆ, ಡಾಕ್ಟರ್ ದಿನಾ ಮಾತ್ರೆ ಅಂದಿದ್ದಾರೆ, ನೀವು ಪಥ್ಯದಲ್ಲೇ ಇಳಿಸುತ್ತೇನೆ ಅಂತ ಹೊರಟಿದ್ದೀರಿ. ಓದುತ್ತಾ ನಗು ಬಂತು, ಬೇಜಾರು ಮಾಡ್ಕೋಬೇಡಿ. ನಾನು ಮೂಡಿಗೆರೆ ಕಡೆಯ ಒಂದು ಕಾಫಿ ತೋಟದಲ್ಲಿ ರೈಟರ್, ಅಂದರೆ ಲೆಕ್ಕ, ಕೆಲಸ ನೋಡಿಕೊಳ್ಳುವವನು. ಇದೇ ಮಾತನ್ನು ಇದೇ ಧಾಟಿಯಲ್ಲಿ ನಮ್ಮ ಡಾಕ್ಟರಿಗೆ ಹೇಳಿದ್ದೆ.

ನನಗೆ ಶುರುವಾಗಿದ್ದು ರೋಬಸ್ಟಾ ಕೊಯ್ಲಿನ ಸಮಯದಲ್ಲಿ. ಹಿಂದಿನ ದಿನ ನೆಂಟರ ಮನೆಯ ಬೀಗರೂಟ. ಹಂದಿ ಮಾಂಸ, ಬೋಟಿ ಗೊಜ್ಜು, ಜೊತೆಗೆ ಬಿಯರ್. ನಮ್ಮ ಕಡೆ ಬೀಗರೂಟದಲ್ಲಿ ಸಾಕು ಅಂದವನ ಎಲೆಗೇ ಇನ್ನೊಂದು ಸೌಟು ಬೀಳುವುದು, ಗೊತ್ತಲ್ಲ. ನಡುರಾತ್ರಿ ಕಳೆದ ಮೇಲೆ ಎಚ್ಚರವಾಯಿತು. ಎಡಗಾಲಿನ ಹೆಬ್ಬೆರಳ ಬುಡ ಕೆಂಪಗೆ ಊದಿ ಹೊಳೆಯುತ್ತಿತ್ತು. ಹೊದಿಕೆ ತಾಗಿದರೂ ಜೀವ ಬಾಯಿಗೆ ಬರುತ್ತಿತ್ತು.

ಬೆಳಿಗ್ಗೆ ನೋಡಿದವರೆಲ್ಲ ಉಳುಕು ಅಂದರು. ಉಳುಕು ತೆಗೆಯುವ ಅಜ್ಜ ಒಬ್ಬರು ಎಣ್ಣೆ ಹಚ್ಚಿ, ಬೆರಳು ಹಿಡಿದು ಒಂದೇ ಸಲ ಎಳೆದರು. ನಾನು ಕೂಗಿದ ಕೂಗಿಗೆ ಲೈನ್ ಮನೆಗಳಿಂದ ಜನ ಓಡಿ ಬಂದರು. ಹತ್ತು ದಿನದಲ್ಲಿ ನೋವು ಮಾಯ. ಅಜ್ಜನ ಕೈಗುಣ ಅಂತ ಒಂದು ನಾಟಿ ಕೋಳಿ ಕೊಟ್ಟು ಬಂದೆ.

ಈ ಕಾಯಿಲೆಯ ಮೋಸ ಇರುವುದೇ ಇಲ್ಲಿ. ಮೊದಮೊದಲು ಬರುವ ಗೌಟ್ ಏನೂ ಮಾಡದಿದ್ದರೂ ಒಂದೆರಡು ವಾರದಲ್ಲಿ ತಾನಾಗೇ ಇಳಿಯುತ್ತದೆ. ಆ ಹೊತ್ತಿಗೆ ಯಾರು ಏನು ಕೊಟ್ಟಿರುತ್ತಾರೋ ಅವರಿಗೆ ಹೆಸರು ಬರುತ್ತದೆ. ಅಜ್ಜ, ಕಷಾಯ, ಬಾಳೆದಿಂಡಿನ ರಸ, ಆ್ಯಪಲ್ ಸೈಡರ್ ವಿನೆಗರ್, ಎಲ್ಲಕ್ಕೂ ಈ ಲೆಕ್ಕದಲ್ಲೇ ಹೆಸರು ಬಂದಿರುವುದು.

ಎರಡನೇ ಸಲ ಆಷಾಢದ ಮಳೆಯಲ್ಲಿ ಬಂತು. ಗಂಬೂಟಿನೊಳಗೆ ಕಾಲು ಹೋಗಲಿಲ್ಲ. ಗಂಬೂಟಿಲ್ಲದೆ ಆ ಉಂಬಳಗಳ ಮಧ್ಯೆ ತೋಟ ಸುತ್ತುವುದು ಹೇಗೆ? ಈ ಸಲ ರಕ್ತ ಪರೀಕ್ಷೆ ಮಾಡಿಸಿದೆ. ಯೂರಿಕ್ ಆಸಿಡ್ 6.4. ಲ್ಯಾಬಿನವರು ನಾರ್ಮಲ್ ಅಂದರು, ನಾನೂ ಗೌಟ್ ಅಲ್ಲ ಅಂದುಕೊಂಡೆ. ನೋವು ಜೋರಾಗಿರುವಾಗ ರಕ್ತದಲ್ಲಿ ಆ ಅಂಕಿ ಇಳಿದು ಕಾಣುವುದು ಮಾಮೂಲು ಅಂತ ಆಗ ಗೊತ್ತಿರಲಿಲ್ಲ. ನೋವು ಇಳಿದು ಎರಡು ವಾರ ಕಳೆದ ಮೇಲೆ ಮತ್ತೆ ಮಾಡಿಸಿದಾಗ 9.2 ಬಂತು.

ಡಾಕ್ಟರ್ ಎರಡು ಮಾತ್ರೆ ಬರೆದುಕೊಟ್ಟರು. ಒಂದು ಯೂರಿಕ್ ಆಸಿಡ್ ಇಳಿಸುವ ಅಲೋಪ್ಯೂರಿನಾಲ್ 100, ಇನ್ನೊಂದು ಕಾಲ್ಚಿಸಿನ್ 0.5. ಎರಡನ್ನೂ ದಿನಾ ತಗೊಳ್ಳಿ, ಕಾಲ್ಚಿಸಿನ್ ಆರು ತಿಂಗಳಿಗೆ ನಿಲ್ಲಿಸೋಣ, ಅಲೋಪ್ಯೂರಿನಾಲ್ ಮಾತ್ರ ಏನೇ ಆದರೂ ನಿಲ್ಲಿಸಬೇಡಿ ಅಂದರು. ಸರಿ ಸರ್ ಅಂದೆ. ಮನೆಗೆ ಬಂದು ನನ್ನದೇ ಲೆಕ್ಕ ಹಾಕಿದೆ. ಕಾಲ್ಚಿಸಿನ್ ನೋವಿನ ಮಾತ್ರೆ, ನೋವಿಲ್ಲದಾಗ ಯಾಕೆ ತಿನ್ನಬೇಕು? ಅದರಿಂದ ಭೇದಿ ಆಗುತ್ತೆ ಅಂತ ಬೇರೆ ಯಾರೋ ಹೇಳಿದ್ದರು. ಅದನ್ನು ಡಬ್ಬಿಯಲ್ಲಿ ಎತ್ತಿಟ್ಟೆ. ಅಲೋಪ್ಯೂರಿನಾಲ್ ಒಂದನ್ನೇ ನಿಯತ್ತಾಗಿ ನುಂಗಿದೆ.

ತಿಂಗಳು ತುಂಬುವಷ್ಟರಲ್ಲಿ ಬೆರಳಿನ ಜೊತೆ ಪಾದದ ಕೀಲೂ ಊದಿಕೊಂಡಿತು. ಮಾತ್ರೆ ಇಲ್ಲದಾಗ ವರ್ಷಕ್ಕೆ ಎರಡು ಸಲ ಬರುತ್ತಿದ್ದದ್ದು, ಮಾತ್ರೆ ತಿಂದ ಮೊದಲ ತಿಂಗಳಲ್ಲೇ ಬಂತು. ಈ ಮಾತ್ರೆಯಿಂದಲೇ ಬಂದಿದ್ದು ಅಂತ ತೀರ್ಮಾನ ಮಾಡಿ ಅವತ್ತೇ ನಿಲ್ಲಿಸಿಬಿಟ್ಟೆ.

ಈ ಒಂದು ವಿಷಯವನ್ನು ಉದ್ದಕ್ಕೆ ಹೇಳುತ್ತೇನೆ, ಸಹಿಸಿಕೊಳ್ಳಿ. ಮಾತ್ರೆಯಿಂದಲೇ ಬಂತು ಅನ್ನುವುದು ಸುಳ್ಳಲ್ಲ. ರಕ್ತದಲ್ಲಿ ಯೂರಿಕ್ ಆಸಿಡ್ ಸುಮಾರು 6.8 ದಾಟಿದರೆ ಅದು ಪೂರ್ತಿ ಕರಗಿ ಇರಲಾರದು. ಸೂಜಿಯಂಥ ಹರಳಾಗಿ ಕೀಲುಗಳಲ್ಲಿ ಕೂರುತ್ತದೆ. ಹೆಬ್ಬೆರಳು ಹೃದಯದಿಂದ ದೂರ, ತಣ್ಣಗಿನ ಜಾಗ, ಅಲ್ಲಿ ಬೇಗ ಕೂರುತ್ತದೆ. ಎಷ್ಟೋ ವರ್ಷ ಸದ್ದಿಲ್ಲದೆ ಕೂತಿರುತ್ತದೆ. ಅಲೋಪ್ಯೂರಿನಾಲ್ ಹೊಸದಾಗಿ ಯೂರಿಕ್ ಆಸಿಡ್ ತಯಾರಾಗುವುದನ್ನು ತಗ್ಗಿಸುತ್ತದೆ. ರಕ್ತದಲ್ಲಿ ಅಂಕಿ ಇಳಿಯುತ್ತಿದ್ದಂತೆ ಕೂತಿದ್ದ ಹರಳು ಕರಗಲು, ಅಲುಗಾಡಲು ಶುರು. ಆಗ ಮೈಯ ರಕ್ಷಣಾ ಕಣಗಳು ಅದರ ಮೇಲೆ ಬೀಳುತ್ತವೆ. ಉರಿ, ಊತ, ನೋವು ಎಲ್ಲ ಆ ಜಗಳದ್ದು. ತೋಟದಲ್ಲಿ ಕಡಜದ ಗೂಡು ತೆಗೆಸಿದ್ದೀರಾ? ತೆಗೆಯಲು ಕೈ ಹಾಕಿದಾಗಲೇ ಅವು ಮೇಲೆ ಬೀಳುವುದು. ಅರ್ಧ ಗೂಡು ಕೆಡವಿ ಓಡಿ ಬಂದರೆ ಕಚ್ಚಿಸಿಕೊಂಡಿದ್ದಷ್ಟೇ ಲಾಭ. ಕಾಲ್ಚಿಸಿನ್ ಕೊಟ್ಟಿದ್ದು ಕಚ್ಚದಂತೆ ಮೈ ಮುಚ್ಚಿಕೊಳ್ಳುವುದಕ್ಕೆ. ನಾನು ಅದನ್ನೇ ಡಬ್ಬಿಯಲ್ಲಿ ಇಟ್ಟಿದ್ದೆ.

ಅಂದರೆ ಆ ತಿಂಗಳಲ್ಲಿ ಬಂದ ನೋವು ಮಾತ್ರೆ ಕೆಲಸ ಮಾಡುತ್ತಿದೆ ಅನ್ನುವುದಕ್ಕೆ ಗುರುತು. ನಾನು ಅದನ್ನು ಮಾತ್ರೆ ಆಗಿಬರಲ್ಲ ಅಂತ ಓದಿಕೊಂಡೆ. ಒಂದು ಸಲ ಮಾಡಿದ್ದರೂ ಪರವಾಗಿರಲಿಲ್ಲ. ಆಮೇಲೆ ಪ್ರತಿ ಸಲ ನೋವು ಜಾಸ್ತಿಯಾದಾಗ ಒಂದು ತಿಂಗಳು ಮಾತ್ರೆ ಶುರು, ಇನ್ನೊಂದು ನೋವು ಬಂದಾಗ ಬಂದ್. ಶುರು ಮಾಡಿದಾಗಲೆಲ್ಲ ಹರಳು ಅಲುಗಾಡುತ್ತದೆ, ಬಂದ್ ಮಾಡಿದಾಗಲೆಲ್ಲ ಹೊಸ ಹರಳು ಕೂರುತ್ತದೆ. ಎರಡೂ ಕಡೆಯಿಂದ ಹೊಡೆತ ತಿಂದೆ. ಒಮ್ಮೆಯೂ ತಗೊಳ್ಳದವನಿಗಿಂತ ನನ್ನ ಗತಿ ಕೆಟ್ಟದಾಗಿತ್ತು ಅನ್ನಿಸುತ್ತದೆ. ಈಗ ನನಗೆ ಗೊತ್ತಿರುವಂತೆ, ತಗೊಳ್ಳುತ್ತಿರುವಾಗ ನೋವು ಬಂದರೆ ಅಲೋಪ್ಯೂರಿನಾಲ್ ಹಾಗೇ ಮುಂದುವರಿಸಬೇಕು. ನೋವಿಗೆ ಬೇರೆ ಔಷಧಿ ಸೇರಿಸಬೇಕು ಅಷ್ಟೆ.

ಮಾತ್ರೆ ಬಿಟ್ಟ ಮೇಲೆ ಬಂದಿದ್ದೇ ನಿಮ್ಮ ಪಥ್ಯ. ನಮ್ಮ ಮನೆಯವಳು ಅಡುಗೆಮನೆ ಗೋಡೆಗೆ ಪಟ್ಟಿ ಅಂಟಿಸಿದಳು. ತೊಗರಿ, ಅವರೆ, ಹುರಳಿ, ಪಾಲಕ್, ಹೂಕೋಸು, ಅಣಬೆ, ಟೊಮೆಟೊ, ಬದನೆ, ಎಲ್ಲ ಬಂದ್. ಸೊನೆ ಅವರೆಯ ಕಾಲದಲ್ಲಿ ಮನೆಯವರೆಲ್ಲ ಹಿತಕವರೆ ಸಾರು ಸುರಿಯುವಾಗ ನಾನು ಸಪ್ಪೆ ತಿಳಿಸಾರು. ಅದೂ ಸಾಲದು ಅಂತ ಎರಡು ದಿನ ಬರೀ ನೀರು, ಸೌತೆಕಾಯಿ ಮೇಲೆ ಇದ್ದೆ. ಉಪವಾಸ ಮಾಡಿದರೆ ಯೂರಿಕ್ ಆಸಿಡ್ ಏರುತ್ತದೆ ಅಂತ ಮಂಡಿ ಊದಿದ ಮೇಲೆ ತಿಳಿಯಿತು. ಅಷ್ಟೆಲ್ಲ ಮಾಡಿ ಇಳಿದಿದ್ದು 9.2ರಿಂದ 8.5ಕ್ಕೆ.

ಅದಕ್ಕಿಂತ ಜಾಸ್ತಿ ಇಳಿಯುವುದು ಕಷ್ಟವೇ. ಮೈಯಲ್ಲಿರುವ ಯೂರಿಕ್ ಆಸಿಡ್‌ನಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ನಮ್ಮ ದೇಹವೇ ಮಾಡಿಕೊಳ್ಳುವುದು, ಊಟದಿಂದ ಬರುವುದು ಉಳಿದದ್ದು. ನಮ್ಮಂಥವರಲ್ಲಿ ಹೆಚ್ಚಿನವರಿಗೆ ತೊಂದರೆ ಇರುವುದು ಕಿಡ್ನಿ ಅದನ್ನು ಸರಿಯಾಗಿ ಹೊರಗೆ ಹಾಕದೇ ಇರುವುದರಲ್ಲಿ. ಹುಟ್ಟಿನಿಂದ ಬಂದ ಗುಣ ಅದು. ಕಟ್ಟುನಿಟ್ಟು ಪಥ್ಯ ಮಾಡಿದರೂ ಒಂದು ಅಂಕಿಯ ಆಸುಪಾಸು ಇಳಿದರೆ ಹೆಚ್ಚು. ನೀವು 8.7ರಲ್ಲಿದ್ದೀರಿ. ಮುಟ್ಟಬೇಕಾದದ್ದು 6ಕ್ಕಿಂತ ಕೆಳಗೆ. ಲೆಕ್ಕ ನೀವೇ ಹಾಕಿ.

ಹಾಗಾಗಿ ಪಥ್ಯನಾ ಮಾತ್ರೆನಾ ಅಂತ ನೀವು ಕೇಳಿರುವುದೇ ಸರಿಯಿಲ್ಲ. ತಿಂದು ಕೆಡಿಸಿಕೊಂಡೆ, ಬಾಯಿ ಕಟ್ಟಿದರೆ ಸರಿಹೋಗುತ್ತೆ ಅನ್ನುವ ತಪ್ಪಿತಸ್ಥ ಭಾವನೆ ಅದು. ನಮ್ಮೂರಲ್ಲಿ ಗೌಟ್ ಅಂದರೆ ಸಾಕು, ಏನು ಗೌಡ್ರೆ ಪಾರ್ಟಿ ಜೋರಾ ಅಂತ ನಗುತ್ತಾರೆ. ನನ್ನ ಜೊತೆ ಅದೇ ಎಲೆಯಲ್ಲಿ ಉಂಡ ಭಾವಮೈದುನನಿಗೆ ಏನೂ ಆಗಿಲ್ಲ.

ಪಥ್ಯದ ಕಾಲದಲ್ಲಿ ನೋವಿಗೆ ಏನು ಮಾಡುತ್ತಿದ್ದೆ ಅಂದಿರಾ? ಮೆಡಿಕಲ್ ಶಾಪಿಗೆ ಹೋಗಿ ಡೈಕ್ಲೋಫಿನಾಕ್, ಕಿಡ್ನಿಗೆ ಹೊಡೆತ ಕೊಡಬಲ್ಲ ನೋವಿನ ಮಾತ್ರೆ. ಚೀಟಿ ಯಾರೂ ಕೇಳಲಿಲ್ಲ. ಬಿಪಿ ಬೇರೆ ಇತ್ತು. ವರ್ಷಗಳು ಹೀಗೇ ಹೋದವು. ಮೊಣಕೈ ಮೇಲೆ ಗಂಟು ಬಂತು, ಕಿವಿಯ ಅಂಚಿನಲ್ಲಿ ಸಣ್ಣ ಸಣ್ಣ ಕಾಳು ಎದ್ದವು. ಮೊಣಕೈ ಗಂಟು ಒಂದಿನ ಒಡೆದು ಸುಣ್ಣದ ಹಾಗೆ ಬೆಳ್ಳಗೆ ಸುರಿಯಿತು. ಆಗ ಹೆದರಿ ಹಾಸನಕ್ಕೆ ಹೋದೆ. ಕಿಡ್ನಿ ಹೇಗಿದೆ ಅಂತ ಹೇಳುವ ಕ್ರಿಯಾಟಿನಿನ್ ಪರೀಕ್ಷೆಯಲ್ಲಿ 1.6 ಬಂತು, ಅಂದರೆ ಜಾಸ್ತಿ.

ಅಲ್ಲಿನ ಡಾಕ್ಟರ್ ಊದಿದ ಮಂಡಿಯಿಂದ ಸೂಜಿಯಲ್ಲಿ ನೀರು ತೆಗೆದು ಮೈಕ್ರೋಸ್ಕೋಪಿಗೆ ಕಳಿಸಿದರು, ಹರಳು ಸಿಕ್ಕಿತು. ಆಮೇಲೆ ನನ್ನ ಬಿಪಿ ಮಾತ್ರೆಯ ಪಟ್ಟಿ ಕೇಳಿದರು. ಅದರಲ್ಲಿ ಹೈಡ್ರೋಕ್ಲೋರೋಥಯಾಜೈಡ್ ಇತ್ತು. ನೀರು ಹೋಗಿಸುವ ಆ ಮಾತ್ರೆ ಯೂರಿಕ್ ಆಸಿಡ್ ಏರಿಸುತ್ತದೆ. ಅದನ್ನು ತೆಗೆದು ಲೋಸಾರ್ಟಾನ್ ಹಾಕಿದರು. ಅದು ಸ್ವಲ್ಪ ಇಳಿಸುತ್ತದೆ. ಅವರೆಕಾಳು ಬಿಟ್ಟು ನಾನು ನರಳುತ್ತಿದ್ದಾಗ ದಿನಾ ಬೆಳಿಗ್ಗೆ ಏರಿಸುವ ಮಾತ್ರೆಯನ್ನು ನಾನೇ ನುಂಗುತ್ತಿದ್ದೆ! ಆ ಪಟ್ಟಿಯನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ.

ಕಿಡ್ನಿ ಸೋತಿದ್ದರಿಂದ ಅಲೋಪ್ಯೂರಿನಾಲ್ ಅರ್ಧ ಮಾತ್ರೆ, ಅಂದರೆ 50ರಿಂದ ಶುರು ಮಾಡಿಸಿದರು. ಜೊತೆಗೆ ಕಾಲ್ಚಿಸಿನ್, ಈ ಸಲ ಡಬ್ಬಿಗೆ ಹಾಕಲಿಲ್ಲ. ಆಗಾಗ ರಕ್ತ ಪರೀಕ್ಷೆ, ಆಗಾಗ ಡೋಸ್ ಸ್ವಲ್ಪ ಮೇಲಕ್ಕೆ. ಮಧ್ಯೆ ನೋವು ಬಂತು. ಬಂದಾಗ ಅವರಿಗೆ ಫೋನ್ ಮಾಡಿದೆ, ನಿಲ್ಲಿಸಲಿಲ್ಲ. 300ಕ್ಕೆ ಬಂದಾಗ ಅಂಕಿ 5.3 ಆಯಿತು. ಗಂಟು ಇದ್ದವರಿಗೆ 5ಕ್ಕಿಂತ ಕೆಳಗೆ ತಂದರೆ ಬೇಗ ಕರಗುತ್ತದೆ ಅಂತ ಇನ್ನೂ ಸ್ವಲ್ಪ ಏರಿಸಿದರು. ಈಗ ಕಿವಿಯ ಕಾಳುಗಳಿಲ್ಲ, ಮೊಣಕೈ ಗಂಟು ಸಣ್ಣಗಾಗಿದೆ. ಕ್ರಿಯಾಟಿನಿನ್ ಮಾತ್ರ ಹಳೆಯ ಜಾಗಕ್ಕೆ ಪೂರ್ತಿ ವಾಪಸ್ ಬರಲಿಲ್ಲ.

ಹಾಗಂತ ಊಟಕ್ಕೆ ಲಂಗುಲಗಾಮು ಬೇಡ ಅಂತಲ್ಲ. ಬಿಯರ್ ಬಿಡಿ, ಅದರಲ್ಲಿ ವಾದ ಬೇಡ. ಮಿಕ್ಕ ಮದ್ಯವೂ ಒಳ್ಳೆಯದಲ್ಲ, ಬಿಯರ್ ಎಲ್ಲಕ್ಕಿಂತ ಕೆಟ್ಟದ್ದು. ಬೋಟಿ, ಈಲಿ, ಕಿಡ್ನಿ ಬಿಟ್ಟಿದ್ದೇನೆ. ಚಾರ್ಮಾಡಿ ಹತ್ತಿ ಬರುವ ಬೂತಾಯಿ ಮೀನಿಗೆ ಈಗಲೂ ಬಾಯಲ್ಲಿ ನೀರೂರುತ್ತದೆ, ಆದರೆ ಅದರಲ್ಲಿ ಪ್ಯೂರಿನ್ (ಮೈಯಲ್ಲಿ ಯೂರಿಕ್ ಆಸಿಡ್ ಆಗಿ ಬದಲಾಗುವ ವಸ್ತು) ಜಾಸ್ತಿ, ಯಾವಾಗಲೋ ಒಂದು. ಸಿಹಿ ಕೂಲ್ ಡ್ರಿಂಕ್ಸ್, ಡಬ್ಬಿ ಜ್ಯೂಸ್ ಬೇಡ, ಅದರ ಸಕ್ಕರೆಯೂ ಯೂರಿಕ್ ಆಸಿಡ್ ಏರಿಸುತ್ತದೆ. ತೂಕ ಇಳಿಸಿ, ನಿಧಾನವಾಗಿ. ಕೊಯ್ಲಿನ ಬಿಸಿಲಲ್ಲಿ ನೀರು ಮರೆಯಬೇಡಿ.

ಇನ್ನು ಬೇಳೆ. 2004ರಲ್ಲಿ ಅಮೆರಿಕದ ಒಂದು ದೊಡ್ಡ ಅಧ್ಯಯನ ಬಂತು. 47,150 ಗಂಡಸರನ್ನು 12 ವರ್ಷ ಗಮನಿಸಿದ್ದರು. ಮಾಂಸ, ಮೀನು ಜಾಸ್ತಿ ತಿಂದವರಿಗೆ ಗೌಟ್ ಜಾಸ್ತಿ. ಪ್ಯೂರಿನ್ ಇರುವ ಕಾಳು, ಸೊಪ್ಪು, ಅಣಬೆ ತಿಂದವರಿಗೆ ಜಾಸ್ತಿ ಇಲ್ಲ. ಹಾಲು, ಮೊಸರು ತಗೊಂಡವರಿಗೆ ಕಡಿಮೆ. ಅದೇ ತಂಡ 2007ರಲ್ಲಿ ಕಾಫಿ ಜಾಸ್ತಿ ಕುಡಿಯುವವರಿಗೆ ಗೌಟ್ ಕಡಿಮೆ ಅಂತಲೂ ಹೇಳಿತು. ಇದನ್ನು ಓದಿ ನಮ್ಮ ಸಾಹುಕಾರರಿಗೆ ಭಾರಿ ಖುಷಿಯಾಯಿತು. ನಾನು ಕುಡಿಯುವುದು ಬೆಲ್ಲದ ಕಾಫಿ, ಬೆಲ್ಲ ಕಡಿಮೆ ಮಾಡಿದ್ದೇನೆ. ಟೊಮೆಟೊ ತಿಂದಾಗಲೆಲ್ಲ ನಿಮಗೆ ನೋವು ಬರುತ್ತದೆ ಅನ್ನುವುದು ಖಾತ್ರಿ ಇದ್ದರೆ ಬಿಡಿ. ಪಟ್ಟಿಯಲ್ಲಿ ಇದೆ ಅಂತ ಸುಮ್ನೆ ಬಿಡಬೇಡಿ.

ಮಾತ್ರೆ ಇಂಗ್ಲಿಷ್ ಔಷಧಿ, ನಾಟಿ ಔಷಧಿ ಮೇಲು ಅನ್ನುವವರು ನಿಮ್ಮ ಕಡೆಯೂ ಇರುತ್ತಾರೆ. ಅವರಿಗೆ ಒಂದು ವಿಷಯ ಹೇಳಿ. ಮಳೆಗಾಲದಲ್ಲಿ ನಮ್ಮ ಬೇಲಿಗಳ ಮೇಲೆ ಕೆಂಪು ಹಳದಿ ಬಣ್ಣದಲ್ಲಿ ಅರಳುವ ಗೌರಿ ಹೂವಿನ ಬಳ್ಳಿ ಇದೆಯಲ್ಲ, ಅಗ್ನಿಶಿಖೆ ಅಂತಲೂ ಅನ್ನುತ್ತಾರೆ, ಅದರಲ್ಲಿರುವುದೇ ಕಾಲ್ಚಿಸಿನ್. ಆ ಗಡ್ಡೆ ತಿಂದು ಸತ್ತವರಿದ್ದಾರೆ. ಅಳತೆ ಮಾಡಿದ ಅರ್ಧ ಮಿಲಿಗ್ರಾಂ ಬೇರೆ, ಬೇಲಿಯಿಂದ ಕಿತ್ತ ಗಡ್ಡೆ ಬೇರೆ. ಪ್ರಯೋಗಕ್ಕೆ ಇಳಿಯಬೇಡಿ. ಎರಡೇ ದಿನಕ್ಕೆ ನೋವು ಹಾರಿಸುವ ಹೆಸರಿಲ್ಲದ ಪುಡಿಗಳನ್ನೂ ಮುಟ್ಟಬೇಡಿ, ಅಂಥದರಲ್ಲಿ ಸ್ಟೀರಾಯ್ಡ್ ಬೆರೆಸಿರುವುದು ಉಂಟು.

ಜೀವನಪೂರ್ತಿ ಮಾತ್ರೆನಾ ಅನ್ನುವ ನಿಮ್ಮ ಭಯ ಅರ್ಥವಾಗುತ್ತದೆ. ಹೌದು, ಸಾಮಾನ್ಯವಾಗಿ ಜೀವನಪೂರ್ತಿಯೇ. ನಿಲ್ಲಿಸಿದರೆ ಅಂಕಿ ಮತ್ತೆ ಏರುತ್ತದೆ. ನಾನು ಬೆಳಿಗ್ಗೆ ತಿಂಡಿ ಆದ ಮೇಲೆ ನುಂಗಿ ಮರೆತುಬಿಡುತ್ತೇನೆ. ಆದರೆ ನಿಜವಾಗಿ ಹೆದರಬೇಕಾದ ಒಂದು ವಿಷಯ ಇದೆ, ಅದಕ್ಕೆ ಹೆದರಿ. ಅಲೋಪ್ಯೂರಿನಾಲ್ ಶುರು ಮಾಡಿದ ಮೊದಲ ಒಂದೆರಡು ತಿಂಗಳಲ್ಲಿ ಮೈ ಮೇಲೆ ಗಂಧೆ, ಜ್ವರ, ಬಾಯಲ್ಲಿ ಹುಣ್ಣು ಬಂದರೆ ಆ ಕ್ಷಣ ನಿಲ್ಲಿಸಿ ಡಾಕ್ಟರ ಹತ್ತಿರ ಓಡಿ. ಅಪರೂಪ, ಆದರೆ ಬಂದರೆ ಪ್ರಾಣಕ್ಕೆ ಅಪಾಯ. ಅಂಥವರಿಗೆ ಫೆಬಕ್ಸೊಸ್ಟಾಟ್ ಅನ್ನುವ ಬೇರೆ ಮಾತ್ರೆ ಇದೆ. ಹೃದಯದ ತೊಂದರೆ ಇದ್ದರೆ ಅದನ್ನು ಕೊಡುವ ಮೊದಲು ಯೋಚನೆ ಮಾಡುತ್ತಾರೆ, ಇದ್ದರೆ ಮುಚ್ಚಿಡಬೇಡಿ.

ನಿಮ್ಮ ಪ್ರಶ್ನೆಯಲ್ಲಿ ಬಿಪಿ ಬಗ್ಗೆ ಏನೂ ಬರೆದಿಲ್ಲ, ಕ್ರಿಯಾಟಿನಿನ್ ಎಷ್ಟು ಅಂತಲೂ ಇಲ್ಲ. ಡಾಕ್ಟರ ಹತ್ತಿರ ಮತ್ತೆ ಹೋಗುವಾಗ ಆ ರಿಪೋರ್ಟು, ಮನೆಯಲ್ಲಿ ನೀವು ನುಂಗುವ ಎಲ್ಲ ಮಾತ್ರೆಗಳ ಪಟ್ಟಿ ಎರಡನ್ನೂ ಒಯ್ಯಿರಿ. ಕಾಲ್ಚಿಸಿನ್ ಬರೆದುಕೊಡದಿದ್ದರೆ, ಶುರುವಿನ ತಿಂಗಳುಗಳಿಗೆ ಬೇಡವಾ ಸರ್ ಅಂತ ನೀವೇ ಬಾಯಿಬಿಟ್ಟು ಕೇಳಿ.