ನಂದಿದುರ್ಗದ ಸ್ತಬ್ಧಚಿತ್ರಕ್ಕೆ ಬಂದೂಕು: ನಳಿಗೆಯೂ ಮರದ್ದೇ ಇರಲಿ

ಮೇಷ್ಟ್ರೇ, ನೀವು ಕೇಳಿದ್ದು ಇಷ್ಟು: 1791ರಲ್ಲಿ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಸೇನೆ ಟಿಪ್ಪು ಸುಲ್ತಾನನಿಂದ ನಂದಿದುರ್ಗ ಹಿಡಿದದ್ದರ ಸ್ತಬ್ಧಚಿತ್ರಕ್ಕೆ ಎರಡು ಚಕಮಕಿ ಬಂದೂಕು (ಕಲ್ಲಿನ ಕಿಡಿಯಿಂದ ಹಾರೋ ಹಳೇ ಬಂದೂಕು) ಬೇಕು, ಆಮೇಲೆ ಅವನ್ನೇ ಚಿಕ್ಕಬಳ್ಳಾಪುರದ ನಿಮ್ಮ ಶಾಲೆಯ ಗೋಡೆಗೆ ಹಾಕಬೇಕು. ನಳಿಗೆಗೆ ಮುಕ್ಕಾಲಿಂಚು ಜಿಐ ಪೈಪ್ (ಸತು ಲೇಪಿಸಿದ ಕಬ್ಬಿಣದ ಕೊಳವೆ) ಆಗುತ್ತಾ, ಪೊಲೀಸರ ತಕರಾರು ಬರುತ್ತಾ?

ಪೈಪ್ ಬೇಡ. 1959ರ ಶಸ್ತ್ರಾಸ್ತ್ರ ಕಾಯ್ದೆಯ 2ನೇ ಕಲಮು ‘ಆಯುಧ’ ಯಾವುದು ಅಂತ ಹೇಳುವಾಗ, ಆಟಿಕೆಯಾಗಿ ಬಿಟ್ಟರೆ ಬೇರೆ ಉಪಯೋಗಕ್ಕೆ ಬಾರದ, ಕೆಲಸ ಮಾಡುವ ಆಯುಧವಾಗಿ ಬದಲಾಯಿಸಲೂ ಆಗದ ವಸ್ತುವನ್ನು ಹೊರಗಿಡುತ್ತೆ. ಆ ‘ಬದಲಾಯಿಸಲೂ ಆಗದ’ ಅನ್ನೋ ಮಾತಲ್ಲೇ ಎಲ್ಲಾ ಇರೋದು. ಮರದ ಮೇಲೆ ಕಬ್ಬಿಣದ ಪೈಪ್ ಕೂತರೆ ನೋಡೋರಿಗೆ ಅದು ನಾಡಬಂದೂಕೇ. ನೀವು ಹೊಡೆಯಲ್ಲ ಅನ್ನೋದನ್ನ ಠಾಣೆಯಲ್ಲಿ ಕೂತು ಒಪ್ಪಿಸಬೇಕಾಗುತ್ತೆ. ತೂತೇ ಇಲ್ಲದ ಮರದ ರೂಳಾದರೆ ಆ ಮಾತೇ ಬರಲ್ಲ. ಗುಜರಿಯಲ್ಲಿ ಹಳೇ ನಳಿಗೆ ಸಿಕ್ಕರೂ ತರಬೇಡಿ. ಯಾರಾದರೂ ಅಜ್ಜನ ಕಾಲದ ಅಸಲಿ ಬಂದೂಕು ಕೊಡ್ತೀನಿ ಅಂದರೆ ಅದನ್ನ ನೀವೇ ‘ಕೆಡಿಸಿ’ ಇಟ್ಟುಕೊಳ್ಳೋ ಸಾಹಸ ಬೇಡ, ಅದು ಠಾಣೆ, ಡಿಸಿ ಕಚೇರಿಯ ವಿಷಯ.

ಅಳತೆಗೆ ಬರೋಣ. ಈಸ್ಟ್ ಇಂಡಿಯಾ ಕಂಪನಿ ಸಿಪಾಯಿಗಳ ಬಂದೂಕಿನ ನಳಿಗೆ 39 ಇಂಚು, ಪೂರ್ತಿ ಉದ್ದ ಸುಮಾರು 55. ಇಂಗ್ಲೆಂಡಿನ ರಾಜನ ಪಲ್ಟಣದವರದ್ದು 42 ಇಂಚಿನ ನಳಿಗೆ. ಗೋಡೆ ಚಿಕ್ಕದಿದ್ದರೆ ಕಂಪನಿಯದ್ದೇ ಮಾಡಿ. ನಳಿಗೆಯ ಬುಡದಲ್ಲಿ ದಪ್ಪ ಒಂದೂಕಾಲು ಇಂಚಿನ ಮೇಲೆ, ಮೂತಿಯಲ್ಲಿ ಒಂದು ಇಂಚಿಗೆ ಸ್ವಲ್ಪ ಕಮ್ಮಿ. ಈ ಇಳಿಜಾರು ತಪ್ಪಿಸಿ ಒಂದೇ ದಪ್ಪ ಇಟ್ಟರೆ ಎಷ್ಟೇ ಬಣ್ಣ ಬಳಿದರೂ ಪೈಪಿನ ಥರಾನೇ ಕಾಣುತ್ತೆ.

ಮರ: ಸಿಲ್ವರ್ ಓಕ್ ನಮ್ಮ ಕಡೆ ಎಲ್ಲಾ ಸಾಮಿಲ್‌ನಲ್ಲೂ ಸಿಗುತ್ತೆ, ಸಾಕು. ಹೆಬ್ಬೇವು ಹಗುರ, ಆದರೆ ಉಗುರು ತಾಗಿದರೂ ಗುಳಿ ಬೀಳುತ್ತೆ. ಒಣಗಿದೆಯಾ ಅಂತ ಅಂಗಡಿಯವರ ಮಾತು ನಂಬಬೇಡಿ. ಹಲಗೆ ತೂಕ ಮಾಡಿ ಬರೆದಿಡಿ, ನೆರಳಲ್ಲಿ ಒಂದು ವಾರ ಬಿಟ್ಟು ಮತ್ತೆ ತೂಗಿ. ತೂಕ ಇಳಿದಿದ್ದರೆ ಇನ್ನೂ ಹಸಿ. ಹಸಿ ಹಲಗೆಯಲ್ಲಿ ಮಾಡಿದ 4 ಅಡಿ ಬಂದೂಕು ಬೇಸಿಗೆ ಮುಗಿಯೋದರೊಳಗೆ ಬಿಲ್ಲಾಗಿರುತ್ತೆ.

ಮೈಗೆ, ಅಂದರೆ ನಳಿಗೆ ಕೂರೋ ಮರದ ಭಾಗಕ್ಕೆ, 51 ಇಂಚು ಉದ್ದ, 7 ಇಂಚು ಅಗಲ, 15 ಮಿಮೀ ದಪ್ಪದ ಮೂರು ಹಲಗೆ ಫೆವಿಕಾಲ್ ಹಾಕಿ ಒಂದರ ಮೇಲೊಂದು ಕೂರಿಸಿ, ಒಂದು ರಾತ್ರಿ ಕ್ಲಾಂಪ್ ಬಿಗಿದಿಡಿ. ಒಂದೇ ತುಂಡಿಗಿಂತ ಇದು ನೆಟ್ಟಗೆ ನಿಲ್ಲುತ್ತೆ. ಮುರಿಯೋ ಜಾಗ ಯಾವಾಗಲೂ ಒಂದೇ: ಕೈಯಲ್ಲಿ ಹಿಡಿಯೋ ಸಣ್ಣ ಭಾಗ, ಅಂದರೆ ಚಕಮಕಿ ತಗಡಿನ (ಪಕ್ಕದಲ್ಲಿ ಕಿಡಿ ಹೊತ್ತಿಸೋ ಭಾಗಗಳು ಕೂರೋ ಪಟ್ಟಿ) ಹಿಂದಿನ ಕತ್ತು. ಅಲ್ಲಿ ಮರದ ಎಳೆ ಅಡ್ಡಕ್ಕೆ ಹರಿದಿದ್ದರೆ ಹುಡುಗರು ಒಂದು ಸಲ ಬೀಳಿಸಿದರೆ ಎರಡು ತುಂಡು. ಗೀಟು ಹಾಕುವಾಗಲೇ ಎಳೆ ಕತ್ತಿನ ಉದ್ದಕ್ಕೆ ಬರೋ ಹಾಗೆ ನಕ್ಷೆಯನ್ನ ಓರೆ ಮಾಡಿ. ಸಾಲದಿದ್ದರೆ ನಡು ಹಲಗೆಯಲ್ಲಿ 8 ಮಿಮೀ ಬಿದಿರಿನ ಕಡ್ಡಿ ಹುದುಗಿಸಿ ಅಂಟಿಸಿ.

ನಳಿಗೆಯನ್ನ ಮಂಚದ ಕಾಲು ಕಡೆಯೋರ ಹತ್ತಿರ ಕೊಡಬಹುದು, ಆದರೆ 39 ಇಂಚಿನ ಸಣಕಲು ರೂಳು ಲೇತಿನಲ್ಲಿ ನಡುವೆ ಕುಣಿದು ಏರುತಗ್ಗು ಆಗುತ್ತೆ. ಉಜ್ಜುಗೊರಡೇ ವಾಸಿ. ಒಂದೂವರೆ ಇಂಚು ಚೌಕದ ರೀಪಿಗೆ ಮೊದಲು ಇಳಿಜಾರು ಕೊಡಿ, ಆಮೇಲೆ ಮೂಲೆ ತೆಗೆದು ಎಂಟು ಮುಖ, ಹದಿನಾರು ಮುಖ, ಕೊನೆಗೆ ಮರಳು ಕಾಗದದ ಪಟ್ಟಿ ಸುತ್ತಿ ಎಳೆದರೆ ದುಂಡಗಾಗುತ್ತೆ. ಮೂತಿಗೆ ಡ್ರಿಲ್ ಹಾಕಬೇಡಿ. 5 ಮಿಮೀ ಆಳದ ಗುಳಿ ಕೆತ್ತಿ ಕಪ್ಪು ಬಳಿದರೆ ಮೂರಡಿ ದೂರದಿಂದ ತೂತೇ ಅನ್ನಿಸುತ್ತೆ.

ಇದನ್ನ ಮೈಯೊಳಗೆ ಕೂರಿಸೋದೇ ತಾಳ್ಮೆಯ ಕೆಲಸ. ದುಂಡು ಉಳಿಯಿಂದ ಕಾಲುವೆ ತೆಗೆದು, ನಳಿಗೆಗೆ ಕಾಡಿಗೆಯನ್ನ ಎಣ್ಣೆಯಲ್ಲಿ ಕಲಸಿ ತೆಳ್ಳಗೆ ಸವರಿ ಒತ್ತಿ, ಎತ್ತಿ. ಕಾಲುವೆಯಲ್ಲಿ ಎಲ್ಲಿ ಕಪ್ಪು ಹತ್ತಿದೆಯೋ ಅಲ್ಲಷ್ಟೇ ಕೆರೆಯಿರಿ. ಹತ್ತು ಹದಿನೈದು ಸಲ ಮಾಡಿದ ಮೇಲೆ ಕಪ್ಪು ಉದ್ದಕ್ಕೂ ಸಮನಾಗಿ ಬರುತ್ತೆ. ಆತುರಪಟ್ಟು ದೊಡ್ಡದಾಗಿ ತೋಡಿದರೆ ಸಂದು ಬಿದ್ದು, ಪುಟ್ಟಿ ತುಂಬಿದ್ದು ಎದ್ದು ಕಾಣುತ್ತೆ. ಅಂಟು ಹಾಕೋ ಮುಂಚೆ ಆ ಎಣ್ಣೆಯನ್ನ ಥಿನ್ನರ್‌ನಲ್ಲಿ ಒರೆಸಿ, ಇಲ್ಲದಿದ್ದರೆ ಹಿಡಿಯಲ್ಲ.

ಚಕಮಕಿ ತಗಡು 6 ಮಿಮೀ ಪ್ಲೈವುಡ್, ಉದ್ದ ಏಳಿಂಚಿನೊಳಗೆ. ಕಲ್ಲು ಕಚ್ಚುವ ಕೊಕ್ಕು 12 ಮಿಮೀ ಪ್ಲೈನಲ್ಲಿ ಕೊರೆದು ಅಂಟು, ಸ್ಕ್ರೂ ಎರಡೂ ಹಾಕಿ. ಟ್ರಿಗರ್ರೂ ಅಲುಗಾಡಬಾರದು, ಸ್ಪ್ರಿಂಗು ಬೇಡವೇ ಬೇಡ. ಟ್ರಿಗರ್ ಸುತ್ತಿನ ಬಳೆಗೆ ಒಂದೂವರೆ ಮಿಮೀ ಹಿತ್ತಾಳೆ ಪಟ್ಟಿ. ಹಿತ್ತಾಳೆ ಬಗ್ಗಿಸಿದಷ್ಟೂ ಗಡುಸಾಗಿ ಬಿರುಕು ಬಿಡುತ್ತೆ. ಮಂದ ಕೆಂಪಾಗೋವರೆಗೆ ಕಾಯಿಸಿ ನೀರಿಗೆ ಅದ್ದಿ, ಮೆತ್ತಗಾಗುತ್ತೆ. ಉಕ್ಕಿನ ಹಾಗೆ ನೀರಿಗೆ ಅದ್ದಿದರೆ ಗಟ್ಟಿಯಾಗುತ್ತೆ ಅನ್ನೋ ಭಯ ಬೇಡ.

ನಳಿಗೆಗೆ ಡಾಂಬರಿನ ಕಪ್ಪು ಬಳಿಯೋದು ಎಲ್ಲರೂ ಮಾಡೋ ತಪ್ಪು, ಸಿಪಾಯಿಗಳು ನಳಿಗೆಯನ್ನ ಉಜ್ಜಿ ಹೊಳಪು ಇಡ್ತಿದ್ದರು. ಸ್ಯಾಂಡಿಂಗ್ ಸೀಲರ್ ಎರಡು ಕೋಟು, 320 ನಂಬರಿನ ಮರಳು ಕಾಗದ, ಬೂದು ಪ್ರೈಮರ್, ಮೇಲೆ ಪೆನ್ಸಿಲ್ ಸೀಸದ ಪುಡಿಯನ್ನ ಹತ್ತಿಯಲ್ಲಿ ತಿಕ್ಕಿ. ಉಕ್ಕಿನ ಹೊಳಪು ಬರುತ್ತೆ. ಮೈಗೆ ಆಕ್ರೋಟದ ಬಣ್ಣ, ಅರಗಿನ ಪಾಲಿಶ್. ಮಳೆ ದಿನ ಪಾಲಿಶ್ ಬೇಡ, ಬಿಳಿ ಪೊರೆ ಕಟ್ಟುತ್ತೆ. ಎರಡನೇದನ್ನ ಟಿಪ್ಪು ಕಡೆಯದು ಮಾಡೋದಾದರೆ ತಗಡಿನ ಮೇಲೆ ಬಬ್ರಿ ಹುಲಿಪಟ್ಟೆ ಬರೆಸಿ, ಅವನ ಕಾರ್ಖಾನೆಯ ಆಯುಧಗಳಲ್ಲಿ ಅದು ಕಾಣುತ್ತೆ.

ಮೆರವಣಿಗೆಗೆ ಒಂದು ವಾರ ಮುಂಚೆ ಶಾಲೆಯ ಲೆಟರ್‌ಹೆಡ್‌ನಲ್ಲಿ ಠಾಣೆಗೆ ಪತ್ರ ಕೊಡಿ, ಎರಡರ ಫೋಟೋ ಲಗತ್ತಿಸಿ, ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಬಸ್ಸಲ್ಲಿ ತಗೊಂಡು ಹೋಗಬೇಡಿ. ಗಾಡಿಯಲ್ಲಾದರೂ ಗೋಣಿಚೀಲ ಸುತ್ತಿರಲಿ, ಆ ಸೀಲಿನ ಪ್ರತಿ ಗಾಡಿ ಓಡಿಸೋರ ಜೇಬಲ್ಲಿರಲಿ.